ಕಾಗದ ಸರಿಯಿತ್ತು, ಬೋಲ್ಟ್ ಮುರಿಯಿತು

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಮಡಚುವ ವೀಲ್‌ಚೇರ್‌ಗೆ ಬೇಕಾದ ಕ್ಲಾಂಪ್, ಎಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಬೋಲ್ಟ್), ಹ್ಯಾಂಡಲ್ ಗ್ರಿಪ್ ಸೇರಿಸಿ ಸೆಟ್ ಮಾಡಿ ಜರ್ಮನಿಯ ಒಂದು ಕಂಪನಿಗೆ ಕಳಿಸುತ್ತೇವೆ. ಬೋಲ್ಟ್ ಇಲ್ಲಿನ ಡೀಲರ್ ಹತ್ತಿರ ಕೊಳ್ಳುತ್ತೇವೆ, ಜಿಂಕ್ ಪ್ಲೇಟಿಂಗ್ ಹೊರಗೆ ಜಾಬ್ ವರ್ಕ್, ಗ್ರಿಪ್ ಚೀನಾದ ಟ್ರೇಡರ್‌ನಿಂದ. ಕಳೆದ ತಿಂಗಳು ಅವರ ಗೋಡೌನ್‌ನಲ್ಲಿ ಜೋಡಿಸಿಟ್ಟ ಕುರ್ಚಿಗಳಲ್ಲಿ ಎರಡು ಬೋಲ್ಟಿನ ತಲೆ ಹಾರಿದೆ. ಬಿಗಿದಾಗ ಚೆನ್ನಾಗಿತ್ತಂತೆ, ಎರಡು ದಿನ ಬಿಟ್ಟು ತಾನಾಗಿ ಮುರಿಯಿತಂತೆ. ಈಗ ಸಪ್ಲೈ ಚೈನ್ ರಿಸ್ಕ್, ಪ್ರಾಡಕ್ಟ್ ಸೇಫ್ಟಿ ಅಂತ ಅರವತ್ತು ಪುಟದ ಪ್ರಶ್ನೆಪಟ್ಟಿ ಬಂದಿದೆ. ನಮ್ಮಲ್ಲಿ ಐಎಸ್‌ಒ 9001 ಇದೆ, ಎಲ್ಲ ಸಪ್ಲೈಯರ್‌ಗಳ ಸರ್ಟಿಫಿಕೇಟೂ ಇವೆ. ಕ್ವಾಲಿಟಿಗೆ ಇರುವುದು ಆಳಂದ ಕಡೆಯ ಒಬ್ಬನೇ ಹುಡುಗ. ಇನ್ನೇನು ಮಾಡಬೇಕು? ಪ್ರತಿ ಪಾರ್ಟಿಗೂ ಇಬ್ಬರು ಸಪ್ಲೈಯರ್ ಇಟ್ಟುಕೊಳ್ಳಬೇಕಾ?
— ಓದುಗರೊಬ್ಬರು, ಭೋಸರಿ

ಉತ್ತರ:

ಮೇಡಂ, ಪ್ರಶ್ನೆಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಬೋಲ್ಟ್ ವಿಷಯ ನೋಡೋಣ.

ಬೋಲ್ಟ್ ಮೆತ್ತಗಿದ್ದರೆ ಬಿಗಿಯುವಾಗಲೇ ಎಳೆದು ಉದ್ದವಾಗುತ್ತದೆ. ಅತಿಯಾಗಿ ಬಿಗಿದಿದ್ದರೆ ಆ ಕ್ಷಣವೇ ಮುರಿಯುತ್ತದೆ. ಬಿಗಿದಾಗ ಸುಮ್ಮನಿದ್ದು, ಒಂದೆರಡು ದಿನ ಬಿಟ್ಟು ಯಾರೂ ಮುಟ್ಟದೆ ತಲೆ ಹಾರಿದರೆ ಮೊದಲ ಅನುಮಾನ ಹೈಡ್ರೋಜನ್ ಮೇಲೆ. ಹೈಡ್ರೋಜನ್ ಎಂಬ್ರಿಟಲ್‌ಮೆಂಟ್ ಅನ್ನುವುದು ಇದಕ್ಕೇ.

ಡೀಲರ್ ಹತ್ತಿರ ಸಿಗುವ ಕಪ್ಪು ಎಲನ್ ಬೋಲ್ಟ್ ಬಹುತೇಕ 12.9 ಗ್ರೇಡಿನದು (ಬೋಲ್ಟಿನ ಬಲ ಹೇಳುವ ನಂಬರ್ ಇದು). ತುಂಬಾ ಗಟ್ಟಿ ಉಕ್ಕು, ಗಡಸುತನ ರಾಕ್‌ವೆಲ್ ಅಳತೆಯಲ್ಲಿ 39ರಿಂದ 44 ಎಚ್‌ಆರ್‌ಸಿ. ಜಿಂಕ್ ಪ್ಲೇಟಿಂಗ್‌ಗೆ ಮೊದಲು ಇದನ್ನು ಆಸಿಡ್‌ನಲ್ಲಿ ಅದ್ದುತ್ತಾರೆ, ಆಮೇಲೆ ಕರೆಂಟ್ ಹರಿಸಿ ಜಿಂಕ್ ಕೂರಿಸುತ್ತಾರೆ. ಎರಡೂ ಕಡೆ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ಸೇರುತ್ತದೆ. ಮೆತ್ತಗಿನ ಉಕ್ಕಿಗೆ ಇದರಿಂದ ಅಂಥ ತೊಂದರೆ ಇಲ್ಲ. ಗಟ್ಟಿ ಉಕ್ಕಿಗೆ ಇದೇ ವಿಷ. ಬಿಗಿದು ಎಳೆತ ಬಿದ್ದ ಮೇಲೆ ಆ ಹೈಡ್ರೋಜನ್ ಎಳೆತ ಜಾಸ್ತಿ ಇರುವ ಕಡೆ, ಅಂದರೆ ತಲೆಯ ಬುಡಕ್ಕೆ, ಸರಿದು ಅಲ್ಲಿ ಬಿರುಕು ಬಿಡಿಸುತ್ತದೆ.

ಇದಕ್ಕೆ ಮದ್ದು ಹಳೆಯದೇ. ಪ್ಲೇಟಿಂಗ್ ಆದ 4 ಗಂಟೆಯೊಳಗೆ ಓವನ್‌ಗೆ ಹಾಕಿ, 190ರಿಂದ 220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕಿಂಗ್ ಮಾಡಬೇಕು. ತೊಡಕು ಎಲ್ಲಿ ಗೊತ್ತಾ? ಬೇಕಿಂಗ್ ಆಗಬೇಕಾದದ್ದು ಪ್ಲೇಟಿಂಗ್ ಮತ್ತು ಪ್ಯಾಸಿವೇಶನ್ (ಜಿಂಕ್ ಮೇಲೆ ಕೂರಿಸುವ ತೆಳು ರಕ್ಷಣೆಯ ಪದರ) ನಡುವೆ. ಪ್ಯಾಸಿವೇಶನ್ ಆದ ಮೇಲೆ ಅಷ್ಟು ಬಿಸಿ ಕೊಟ್ಟರೆ ಆ ಪದರ ಹಾಳಾಗುತ್ತದೆ. ಅಂದರೆ ಓಡುತ್ತಿರುವ ಲೈನ್ ನಡುವೆ ನಿಲ್ಲಿಸಿ, ಮಾಲು ಇಳಿಸಿ, ಓವನ್‌ಗೆ ಹಾಕಿ, ಮತ್ತೆ ತಂದು ಮುಗಿಸಬೇಕು. ಕರೆಂಟ್ ಖರ್ಚು, ಜಾಗದ ಖರ್ಚು, ಅರ್ಧ ದಿನ ಹೋಯಿತು. ಬಿಟ್ಟರೂ ಬೋಲ್ಟ್ ಹೊಳೆಯುತ್ತದೆ. ಸಾಲ್ಟ್ ಸ್ಪ್ರೇ (ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಪರೀಕ್ಷೆ) ಪಾಸ್, ಪದರದ ದಪ್ಪ ಪಾಸ್, ಗಡಸುತನ ಪಾಸ್. ನಿಮ್ಮ ಫೈಲಿನ ಸರ್ಟಿಫಿಕೇಟ್ ಹೀಗಾಗಿ ಸುಳ್ಳು ಹೇಳಿರಲಿಕ್ಕಿಲ್ಲ. ಬೇಕಿಂಗ್ ಬಗ್ಗೆ ಅದನ್ನು ಯಾರೂ ಕೇಳಿಯೇ ಇಲ್ಲ, ಅದೂ ಹೇಳಿಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಪಿಂಪರಿ, ಭೋಸರಿ, ಚಾಕಣದಲ್ಲಿ ಗುರುವಾರ ರಜೆ. ಬುಧವಾರ ಸಂಜೆ ಪ್ಲೇಟಿಂಗ್ ಆದ ಮಾಲು ಬುಟ್ಟಿಯಲ್ಲೇ ಕೂತು ಶುಕ್ರವಾರ ಬೆಳಿಗ್ಗೆ ಓವನ್ ಕಂಡರೆ 4 ಗಂಟೆಯ ಮಾತು ಎಲ್ಲಿ ಉಳಿಯಿತು? ರಿಜಿಸ್ಟರಿನಲ್ಲಿ ಮಾತ್ರ ‘ಬೇಕಿಂಗ್ ಓಕೆ’ ಅಂತ ಇರುತ್ತದೆ. ನಿಮ್ಮ ಆ ಬ್ಯಾಚ್ ವಾರದ ಯಾವ ದಿನ ಪ್ಲೇಟಿಂಗ್ ಆಗಿದ್ದು ಅಂತ ನೋಡಿ.

ಈಗ ಮಾಡಬೇಕಾದ್ದು: ಆ ಬೋಲ್ಟ್ ಇರುವ ಸ್ಟಾಕ್ ಪೂರ್ತಿ ತಡೆಹಿಡಿಯಿರಿ, ಕೆಂಪು ಟ್ಯಾಗ್ ಹಾಕಿ ಬೀಗ ಹಾಕಿ. ಜರ್ಮನಿಗೆ ಇವತ್ತೇ ಬರೆಯಿರಿ. ‘ಬೇಕಿಂಗ್ ಆಗಿಲ್ಲ ಎಂಬ ಅನುಮಾನವಿದೆ, ಇಂಥ ಬಾಕ್ಸ್‌ಗಳಲ್ಲಿ ಹೋಗಿದೆ, ಬಳಸಬೇಡಿ’ ಅನ್ನಿ. ಕಾರಣ ಪಕ್ಕಾ ಆಗಲಿ ಅಂತ ಕಾಯಬೇಡಿ, ಆ ಕುರ್ಚಿಯಲ್ಲಿ ಯಾರೋ ಕೂರುತ್ತಾರೆ. ಮುರಿದ ತುಂಡುಗಳನ್ನು ತರಿಸಿ ಮೆಟಲರ್ಜಿ ಲ್ಯಾಬ್‌ಗೆ ಕೊಡಿ. ಮುರಿದ ಮುಖವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ದಯವಿಟ್ಟು ತುಂಡನ್ನು ಉಜ್ಜಿ ತೊಳೆಯಬೇಡಿ, ಎರಡು ತುಂಡನ್ನು ಜೋಡಿಸಿ ನೋಡಲೂಬೇಡಿ. ಉಳಿದ ಸ್ಟಾಕಿನಿಂದ ಕೆಲವು ಬೋಲ್ಟ್ ತೆಗೆದು ಉಕ್ಕಿನ ಪ್ಲೇಟಿಗೆ ಬಿಗಿದಿಡಿ. ಕನಿಷ್ಠ 24 ಗಂಟೆ, ನಾನಾದರೆ 48. ಒಂದು ಮುರಿದರೂ ಇಡೀ ಬ್ಯಾಚ್ ಸ್ಕ್ರ್ಯಾಪ್. ತಡವಾಗಿ ಬೇಕಿಂಗ್ ಮಾಡಿ ಉಳಿಸಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿರುಕು ಬಿದ್ದಾಗಿದ್ದರೆ ಬಿಸಿ ಮಾಡಿದರೆ ಕೂಡುವುದಿಲ್ಲ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2013ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ–ಓಕ್‌ಲ್ಯಾಂಡ್ ಸೇತುವೆಯ ಹೊಸ ಭಾಗದಲ್ಲಿ 96 ಭಾರಿ ಆಂಕರ್ ರಾಡ್‌ಗಳನ್ನು ಬಿಗಿದರು. ಕೆಲವೇ ದಿನದಲ್ಲಿ 32 ಮುರಿದವು. ಅಲ್ಲಿಯೂ ಕಾರಣ ಹೈಡ್ರೋಜನ್, ಅಲ್ಲಿಯೂ ಕಾಗದಪತ್ರಕ್ಕೆ ಕೊರತೆ ಇರಲಿಲ್ಲ.

ಮುಂದಿನ ಡ್ರಾಯಿಂಗ್‌ಗೆ ಒಂದು ಮಾತು. ನಿಮ್ಮ ಕ್ಲಾಂಪಿಗೆ ನಿಜಕ್ಕೂ 12.9 ಬೇಕಾ ಅಂತ ಗ್ರಾಹಕರನ್ನು ಕೇಳಿ. ಅದಕ್ಕಿಂತ ಕಡಿಮೆ ಬಲದ 8.8 ಗ್ರೇಡ್ ಸಾಕಾಗುವ ಕಡೆ ಮಾರ್ಕೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ ಅಂತ 12.9 ಹಾಕುವುದು ನಮ್ಮಲ್ಲಿ ರೂಢಿ. ಅದೇ ಬೇಕು ಅಂದರೆ ಜಿಂಕ್ ಫ್ಲೇಕ್ (ಸತುವಿನ ಸಣ್ಣ ಚೂರುಗಳಿರುವ) ಕೋಟಿಂಗ್ ಕೇಳಿ. ಅದರಲ್ಲಿ ಕರೆಂಟ್ ಹರಿಸುವ ಹಂತವೇ ಇಲ್ಲ. ತಯಾರಿಯಲ್ಲೂ ಆಸಿಡ್ ಬೇಡ, ಶಾಟ್ ಬ್ಲಾಸ್ಟ್ (ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಸ್ವಚ್ಛ ಮಾಡುವುದು) ಮಾಡಿ ಅನ್ನಿ. ಬೆಲೆ ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಸಪ್ಲೈ ರಿಸ್ಕ್ ಬೇರೆ, ಪ್ರಾಡಕ್ಟ್ ಸೇಫ್ಟಿ ಬೇರೆ ಅಂತ ಪ್ರಶ್ನೆಪಟ್ಟಿಯಲ್ಲಿ ಎರಡು ಭಾಗ ಮಾಡಿದ್ದಾರೆ, ಅಲ್ವಾ? ಕಾರ್ಖಾನೆಯಲ್ಲಿ ಅವು ಒಂದೇ. ಮಾಲು ಸಿಗದ ದಿನವೇ ಯಾರೋ ಒಬ್ಬ ಹೇಳದೆ ಕೇಳದೆ ಬೇರೆ ಮಾಲು ಹಾಕುತ್ತಾನೆ. ಅಪಾಯ ಅಲ್ಲಿ ಹುಟ್ಟುತ್ತದೆ.

ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್‌ನ 2007ರ ಪ್ರಕರಣ ನೋಡಿ. ಚೀನಾದ ಫೋಷಾನ್‌ನಲ್ಲಿ ಲೀ ಡರ್ ಅನ್ನುವ ಕಾರ್ಖಾನೆ ಅವರಿಗೆ ವರ್ಷಗಟ್ಟಲೆ ಆಟಿಕೆ ಮಾಡಿಕೊಡುತ್ತಿತ್ತು. ಅದಕ್ಕೆ ಬಣ್ಣ ಕೊಡುತ್ತಿದ್ದವನ ಹತ್ತಿರ ಹಳದಿ ಪಿಗ್‌ಮೆಂಟ್ ಖಾಲಿಯಾಯಿತು. ಅವನು ಇಂಟರ್‌ನೆಟ್‌ನಲ್ಲಿ ಹುಡುಕಿ ಇನ್ನೊಬ್ಬನಿಂದ ತರಿಸಿದ. ಆ ಇನ್ನೊಬ್ಬ ಸುಳ್ಳು ಸರ್ಟಿಫಿಕೇಟ್ ಕೊಟ್ಟ. ಅದರಲ್ಲಿ ಸೀಸ ಇತ್ತು. ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 15 ಲಕ್ಷ ಆಟಿಕೆ ವಾಪಸ್ ಕರೆಯಬೇಕಾಯಿತು. ಆ ಕಾರ್ಖಾನೆಯ ಮಾಲೀಕರು ಅದೇ ತಿಂಗಳು ಆತ್ಮಹತ್ಯೆ ಮಾಡಿಕೊಂಡರು. ಮುಂದಿನ ವರ್ಷ ಅಮೆರಿಕ ಹೊಸ ಕಾನೂನು ತಂದು ಬಣ್ಣದಲ್ಲಿ ಸೀಸದ ಮಿತಿಯನ್ನು 600 ಪಿಪಿಎಂನಿಂದ (ಹತ್ತು ಲಕ್ಷ ಪಾಲಿನಲ್ಲಿ 600 ಪಾಲು) 90ಕ್ಕೆ ಇಳಿಸಿತು. ಸರಪಳಿಯಲ್ಲಿ ಮ್ಯಾಟೆಲ್‌ನಿಂದ ಆ ಪಿಗ್‌ಮೆಂಟ್ ಎಷ್ಟು ದೂರ ಇತ್ತು ನೋಡಿ. ಮ್ಯಾಟೆಲ್‌ಗೆ ಲೀ ಡರ್ ಗೊತ್ತಿತ್ತು. ಲೀ ಡರ್‌ಗೆ ಬಣ್ಣದವನು ಗೊತ್ತಿದ್ದ. ಬಣ್ಣದವನಿಗೆ ಪಿಗ್‌ಮೆಂಟ್ ಕೊಟ್ಟವನು ಯಾರಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಚೀನಾದಲ್ಲಿ ಹಂದಿಗಳಿಗೆ ರೋಗ ಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಕ್ಕೆ ಹಂದಿಯ ಕರುಳು ಮೂಲ. ಮಾಲು ತುಟ್ಟಿಯಾಯಿತು, ಅಗ್ಗದ ಬೇರೆ ರಾಸಾಯನಿಕ ಬೆರೆಸಿದರು. ಆಗ ಚಾಲ್ತಿಯಲ್ಲಿದ್ದ ಪರೀಕ್ಷೆ ಎರಡಕ್ಕೂ ವ್ಯತ್ಯಾಸ ಹೇಳುತ್ತಿರಲಿಲ್ಲ. 2008ರಲ್ಲಿ ಅಮೆರಿಕದಲ್ಲಿ ರೋಗಿಗಳಿಗೆ ತೀವ್ರ ಅಲರ್ಜಿಯಾಗಿ ಸಾವಿನ ವರದಿಗಳು ಬಂದ ಮೇಲೆಯೇ ಗೊತ್ತಾಗಿದ್ದು.

ನಿಮ್ಮ ಸೆಟ್‌ನಲ್ಲಿ ಇದೇ ಜಾಗದಲ್ಲಿ ಕೂತಿರುವುದು ಚೀನಾದ ಗ್ರಿಪ್. ಬೋಲ್ಟ್ ಗಲಾಟೆಯಲ್ಲಿ ಇದನ್ನು ಮರೆಯಬೇಡಿ. ಕಪ್ಪು ರಬ್ಬರಿಗೆ ಕಾರ್ಬನ್ ಬ್ಲ್ಯಾಕ್, ಎಣ್ಣೆ ಹಾಕುತ್ತಾರೆ. ಅಗ್ಗದ ಎಣ್ಣೆಯಲ್ಲಿ ಪಿಎಎಚ್ ಅನ್ನುವ ರಾಸಾಯನಿಕಗಳು ಇರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಯುರೋಪಿನ ರೀಚ್ ಕಾನೂನಿನ ಪ್ರಕಾರ, ಚರ್ಮಕ್ಕೆ ಹೆಚ್ಚು ಹೊತ್ತು ಅಥವಾ ಪದೇ ಪದೇ ತಾಗುವ ರಬ್ಬರ್, ಪ್ಲಾಸ್ಟಿಕ್ ಭಾಗದಲ್ಲಿ ಇಂಥ ಎಂಟು ರಾಸಾಯನಿಕಗಳಲ್ಲಿ ಒಂದೊಂದೂ ಕಿಲೋಗೆ 1 ಮಿಲಿಗ್ರಾಂ ದಾಟಬಾರದು. 2015ರ ಡಿಸೆಂಬರ್ ಕೊನೆಯಿಂದ ಇದು ಜಾರಿಯಲ್ಲಿದೆ. ವೀಲ್‌ಚೇರ್ ಹಿಡಿಯನ್ನು ದಿನವಿಡೀ ಹಿಡಿದೇ ಇರುತ್ತಾರೆ, ಆದ್ದರಿಂದ ನಮಗೆ ಅನ್ವಯಿಸುವುದಿಲ್ಲ ಅಂತ ಹೇಳಲು ಬರುವುದಿಲ್ಲ. ಬಾಕ್ಸ್ ತೆರೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆದರೆ ಮಾಲನ್ನು ಲ್ಯಾಬ್‌ಗೆ ಕಳಿಸಿ. ವಾಸನೆ ಇಲ್ಲ ಅಂದಮಾತ್ರಕ್ಕೆ ಪಾಸ್ ಅಂತಲೂ ಅಂದುಕೊಳ್ಳಬೇಡಿ.

ಟ್ರೇಡರ್ ಕೊಟ್ಟ ಟೆಸ್ಟ್ ರಿಪೋರ್ಟ್ ತೆಗೆದು ಈಗಲೇ ಓದಿ. ಮೊದಲ ಪುಟದ ‘ಪಾಸ್’ ಬಿಟ್ಟು ಕೊನೆಯ ಪುಟದ ಫೋಟೋ ನೋಡಿ. ಎಷ್ಟೋ ಸಲ ಫೋಟೋದಲ್ಲಿ ಇರುವುದು ನೀಲಿ ಗ್ರಿಪ್, ನಮ್ಮ ಕೈಯಲ್ಲಿರುವುದು ಕಪ್ಪು. ಸ್ಯಾಂಪಲ್ ಕೊಟ್ಟವರು ಯಾರು ಅಂತ ನೋಡಿ. ಗಿರಾಕಿಯೇ ತಂದುಕೊಟ್ಟ ಸ್ಯಾಂಪಲ್ ಅಂತ ಬರೆದಿದ್ದರೆ, ಲ್ಯಾಬ್ ಹೇಳಿದ್ದು ಆ ಒಂದು ತುಂಡಿನ ಬಗ್ಗೆ ಮಾತ್ರ. ತಾರೀಖು ನೋಡಿ. ಕಂಪನಿಯ ಹೆಸರು ಟ್ರೇಡರ್‌ನದೋ ಕಾರ್ಖಾನೆಯದೋ ನೋಡಿ. ರಿಪೋರ್ಟ್ ನಂಬರ್ ಹಾಕಿ ಲ್ಯಾಬ್‌ಗೇ ಇಮೇಲ್ ಮಾಡಿ, ಅಸಲಿಯೋ ನಕಲಿಯೋ ಹೇಳುತ್ತಾರೆ. ಆಮೇಲೆ ನೀವೇ ನಿಮ್ಮ ಸ್ಟಾಕಿನಿಂದ ಒಂದು ಗ್ರಿಪ್ ತೆಗೆದು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಕೊಡುವ ತುಂಡನ್ನು ಮಾರುವವನು ಆರಿಸಬಾರದು, ಕೊಳ್ಳುವವರು ಆರಿಸಬೇಕು. ಇದೊಂದು ನಿಯಮ ಪಾಲಿಸಿದರೂ ಅರ್ಧ ಪೀಡೆ ಕಳೆಯಿತು.

ಇಬ್ಬರು ಸಪ್ಲೈಯರ್ ಬೇಕಾ ಅಂದಿರಿ. ಎಲ್ಲದಕ್ಕೂ ಬೇಡ. ಇಬ್ಬರನ್ನು ಇಟ್ಟರೆ ಎರಡು ಪಟ್ಟು ಅಪ್ರೂವಲ್, ಎರಡು ಪಟ್ಟು ತಪಾಸಣೆ. ಒಬ್ಬನೇ ಹುಡುಗನಿಂದ ಆಗುವ ಕೆಲಸ ಅಲ್ಲ ಅದು. ಇನ್ನೊಂದು ಮೋಸವೂ ಇದೆ. 2012ರ ಮಾರ್ಚ್ 31ರಂದು ಜರ್ಮನಿಯ ಮಾರ್ಲ್‌ನಲ್ಲಿ ಇವೋನಿಕ್ ಕಾರ್ಖಾನೆಯ ಒಂದು ಘಟಕ ಸ್ಫೋಟಗೊಂಡಿತು, ಇಬ್ಬರು ಕಾರ್ಮಿಕರು ಸತ್ತರು. ಅಲ್ಲಿ ತಯಾರಾಗುತ್ತಿದ್ದ ಸಿಡಿಟಿ ಅನ್ನುವ ರಾಸಾಯನಿಕದಿಂದ ನೈಲಾನ್-12 ಆಗುತ್ತದೆ, ಅದರಿಂದ ಕಾರಿನ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್. ಕಾರ್ ಕಂಪನಿಗಳ ಹತ್ತಿರ ಪೈಪ್ ಕೊಡುವವರು ಹಲವರಿದ್ದರು. ಎಲ್ಲರ ಬಾವಿಗೂ ನೀರು ಬರುತ್ತಿದ್ದದ್ದು ಒಂದೇ ಸೆಲೆಯಿಂದ ಅಂತ ಆಗ ಗೊತ್ತಾಯಿತು. ಒಳ್ಳೆಯದೇನೆಂದರೆ, ಮೂರು ವಾರದೊಳಗೆ ಇಡೀ ಉದ್ಯಮದವರು ಅಮೆರಿಕದ ಮಿಶಿಗನ್‌ನಲ್ಲಿ ಒಟ್ಟಿಗೆ ಕೂತು ಬದಲಿ ಪ್ಲಾಸ್ಟಿಕ್‌ಗಳನ್ನು ಬೇಗ ಪರೀಕ್ಷಿಸಿ ಒಪ್ಪುವ ದಾರಿ ಮಾಡಿಕೊಂಡರು. ಬದಲಿ ಹಾಕಿದರು, ಎಲ್ಲರ ಕಣ್ಣೆದುರು ಹಾಕಿದರು.

ಭೋಸರಿಯಲ್ಲೂ ಇದೇ ಕಥೆ. ನೀವು ಇಬ್ಬರು ಪ್ಲೇಟಿಂಗ್‌ನವರನ್ನು ಇಟ್ಟುಕೊಂಡಿರುತ್ತೀರಿ. ಕೆಲಸ ಜಾಸ್ತಿಯಾದಾಗ ಒಬ್ಬ ಇನ್ನೊಬ್ಬನಿಗೆ ಮಾಲು ಕಳಿಸುತ್ತಾನೆ. ಚಲನ್ ಮಾತ್ರ ತನ್ನ ಹೆಸರಿನದು.

ಎಲ್ಲಿ ಎರಡನೇ ಮೂಲ ಬೇಕು, ಎಲ್ಲಿ ಬರೀ ಸ್ಟಾಕ್ ಸಾಕು ಅಂತ ತಿಳಿಯಲು ಎರಡು ಲೆಕ್ಕ ಸಾಕು. ಈ ಸಪ್ಲೈಯರ್ ನಾಳೆ ನಿಂತರೆ ಅದೇ ಪಾರ್ಟ್ ಮತ್ತೆ ಬರಲು ಎಷ್ಟು ವಾರ? ಅಲ್ಲಿಯವರೆಗೆ ಕೈಯಲ್ಲಿರುವ ಮಾಲಿನಲ್ಲಿ ಎಷ್ಟು ವಾರ ತಳ್ಳಬಹುದು? ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾದರೆ ಅಲ್ಲಿ ತೂತು ಇದೆ. ಎಂಐಟಿಯ ಡೇವಿಡ್ ಸಿಮ್ಚಿ-ಲೆವಿ ಮತ್ತು ಅವರ ತಂಡ ಫೋರ್ಡ್ ಕಂಪನಿಗೆ ಇದೇ ಲೆಕ್ಕ ಹಾಕಿಕೊಟ್ಟಾಗ ಒಂದು ವಿಷಯ ಹೊರಬಂತು: ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವ ಪಾರ್ಟ್‌ನಲ್ಲೇ ಜಾಸ್ತಿ ಅಪಾಯ ಅಂತೇನಿಲ್ಲ. ಯಾರೂ ಲೆಕ್ಕಕ್ಕೆ ಇಡದ ಅಗ್ಗದ ಪಾರ್ಟ್‌ಗಳೂ ಇಡೀ ಲೈನ್ ನಿಲ್ಲಿಸಬಲ್ಲವು. ನಿಮಗೆ ಗ್ರಿಪ್ ಹಾಗೆ. ಸಮುದ್ರದಲ್ಲಿ ಬರಬೇಕು, ನ್ಹಾವಾ ಶೇವಾ ಬಂದರಿನಲ್ಲಿ ಇಳಿಯಬೇಕು, ಕಸ್ಟಮ್ಸ್ ದಾಟಬೇಕು. ಅದರ ಸ್ಟಾಕ್ ಜಾಸ್ತಿ ಇಡಿ. ರಬ್ಬರ್ ಹಳತಾಗುತ್ತದೆ, ಬಂದ ತಾರೀಖಿನ ಕ್ರಮದಲ್ಲೇ ಬಳಸಿ. ಕ್ಲಾಂಪ್ ನಿಮ್ಮದೇ ಮಷೀನಿನದು, ಚಿಂತೆ ಕಡಿಮೆ. ಹೊರಗೆ ಹೋಗುವ ಮಾಲಿನ ಲೆಕ್ಕಕ್ಕೂ ಕೆಲವು ವಾರ ಸೇರಿಸಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಗಿ ಬಂದದ್ದು ನಿಮಗೂ ಗೊತ್ತು.

ಪ್ಲೇಟಿಂಗ್‌ಗೆ ಮಾತ್ರ ನನ್ನ ಸಲಹೆ ಬೇರೆ. ಇಬ್ಬರು ಬೇಡ, ಒಬ್ಬರನ್ನೇ ಹಿಡಿದು ಅವರನ್ನು ಚೆನ್ನಾಗಿ ತಿಳಿದುಕೊಳ್ಳಿ. ಆಳಂದದ ಹುಡುಗನನ್ನು ತಿಂಗಳಿಗೆ ಒಂದೆರಡು ಸಲ ಹೇಳದೆ ಕಳಿಸಿ. ಮಾಲೀಕರ ಕೇಬಿನ್‌ನಲ್ಲಿ ಚಹಾ ಕುಡಿದು ಬರುವುದಲ್ಲ, ಓವನ್ ಹತ್ತಿರ ನಿಲ್ಲಬೇಕು. ಪುಣೆಯ ಇಂಥ ಶಾಪ್‌ಗಳಲ್ಲಿ ಕಲಬುರಗಿ, ಬೀದರ್ ಕಡೆಯ ಹುಡುಗರು ಸಿಕ್ಕೇ ಸಿಗುತ್ತಾರೆ. ಮಾಲೀಕರು ಮರಾಠಿಯಲ್ಲಿ ‘ಚಾಲತಂಯ, ಚಾಲತಂಯ’ (ನಡೆಯುತ್ತೆ, ನಡೆಯುತ್ತೆ) ಅನ್ನುವುದನ್ನು ಅವರು ಕನ್ನಡದಲ್ಲಿ ಬಿಚ್ಚಿ ಹೇಳುತ್ತಾರೆ. ಓವನ್ ಚಾರ್ಟ್ ಕೇಳಲಿ. ಆ ಚಾರ್ಟಿನ ಗಂಟೆ, ಪ್ಲೇಟಿಂಗ್ ರಿಜಿಸ್ಟರಿನ ಗಂಟೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಅವನ ಮೇಲೆ ಕೂಗಾಡಲು ಯಾರಿಗೂ ಬಿಡಬೇಡಿ.

ಅವರಿಂದ ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ, ಮರಾಠಿಯಲ್ಲೇ ಇರಲಿ. ಆಸಿಡ್, ಕೆಮಿಕಲ್, ಓವನ್, ಕೆಲಸದವರು, ಜಾಗ, ಇದರಲ್ಲಿ ಏನು ಬದಲಾದರೂ ಮೊದಲು ಹೇಳಬೇಕು, ಮಾಲು ಬೇರೆ ಕಡೆ ಕಳಿಸಬಾರದು. ಇದಕ್ಕೆ ಬೆಲೆ ನೀವೂ ಕೊಡಬೇಕು. ‘ಓವನ್ ಕೆಟ್ಟಿದೆ, ಎರಡು ದಿನ ತಡ’ ಅಂತ ಅವರು ಫೋನ್ ಮಾಡಿದರೆ ಬೈಯಬೇಡಿ, ದಂಡ ಹಾಕಬೇಡಿ. ದಂಡ ಹಾಕಿದರೆ ಮುಂದಿನ ಸಲ ಫೋನ್ ಬರುವುದಿಲ್ಲ, ಮಾಲು ಮಾತ್ರ ಟೈಮಿಗೆ ಬರುತ್ತದೆ. ಬೇಕಿಂಗ್‌ಗೆ ಬಿಲ್‌ನಲ್ಲಿ ಬೇರೆ ಸಾಲು ಹಾಕಿ, ಬೇರೆ ದರ ಕೊಡಿ. ನಾಲ್ಕು ತಿಂಗಳು ಪೇಮೆಂಟ್ ಎಳೆದು ಆಮೇಲೆ ಚಾರ್ಟ್ ಕೇಳಿದರೆ ಯಾರು ತೋರಿಸುತ್ತಾರೆ? ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ನಿಮ್ಮ ದೊಡ್ಡ ಗಿರಾಕಿಗಳು ನಿಮಗೆ ಕೊಡುತ್ತಾರೋ ಇಲ್ಲವೋ, ಅದು ಬೇರೆ ಜಗಳ.

ಬ್ಯಾಚ್ ಗುರುತಿನ ವಿಷಯದಲ್ಲಿ ಸಣ್ಣ ಯೂನಿಟ್‌ಗಳು ಎಡವುವ ಜಾಗ ಒಂದೇ: ಅಸೆಂಬ್ಲಿ ಟೇಬಲ್ ಮೇಲಿನ ಬೋಲ್ಟ್ ಡಬ್ಬಿ. ಅರ್ಧ ಖಾಲಿಯಾದಾಗ ಹೊಸ ಪ್ಯಾಕೆಟ್ ಒಡೆದು ಮೇಲೆ ಸುರಿಯುತ್ತಾರೆ. ಆ ಕ್ಷಣಕ್ಕೆ ಎರಡು ಬ್ಯಾಚ್ ಬೆರೆತವು. ನಾಳೆ ಒಂದು ಬೋಲ್ಟ್ ಮುರಿದರೆ ಯಾವ ಕುರ್ಚಿ ಒಳ್ಳೆಯದು ಅಂತ ಯಾರೂ ಹೇಳಲಾರರು, ಎಲ್ಲವನ್ನೂ ವಾಪಸ್ ಕರೆಯಬೇಕು. ಡಬ್ಬಿ ಪೂರ್ತಿ ಖಾಲಿಯಾಗಬೇಕು, ಹೊಸ ಬ್ಯಾಚಿನ ಚೀಟಿ ಅಂಟಿಸಬೇಕು, ಆಮೇಲೆ ತುಂಬಬೇಕು. ಸೆಟ್ ಬಾಕ್ಸಿನ ಲೇಬಲ್ ಮೇಲೆ ಬೋಲ್ಟ್ ಬ್ಯಾಚ್, ಪ್ಲೇಟಿಂಗ್ ತಾರೀಖು, ಗ್ರಿಪ್ ಬ್ಯಾಚ್ ಇರಲಿ. ಪ್ರತಿ ಬ್ಯಾಚಿನಿಂದ ನಾಲ್ಕಾರು ತುಂಡು ಕವರಿನಲ್ಲಿ ಹಾಕಿ ಕಪಾಟಿನಲ್ಲಿಡಿ, ಎಸೆಯಬೇಡಿ. ಆಗಾಗ ಯಾವುದೋ ಹಳೆಯ ಬಾಕ್ಸ್ ನಂಬರ್ ಹೇಳಿ, ಇದರ ಬೋಲ್ಟ್ ಇನ್ನು ಯಾವ ಯಾವ ಬಾಕ್ಸಿಗೆ ಹೋಗಿದೆ ಅಂತ ಹುಡುಕಿಸಿ. ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗಬೇಕು.

ಪಾರ್ಟ್ ನಂಬರ್ ಬಗ್ಗೆಯೂ ಕಟ್ಟುನಿಟ್ಟಾಗಿರಿ. ಜನರಲ್ ಮೋಟರ್ಸ್‌ನಲ್ಲಿ ಇಗ್ನಿಷನ್ ಸ್ವಿಚ್ ಸಡಿಲವಾಗಿ ಓಡುವ ಕಾರೇ ಆಫ್ ಆಗುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. 2006ರಲ್ಲಿ ಸ್ವಿಚ್ ಸುಧಾರಿಸಿದರು, ಪಾರ್ಟ್ ನಂಬರ್ ಮಾತ್ರ ಹಳೆಯದೇ ಉಳಿಸಿದರು. ಹಳೆಯ ಕಾರುಗಳಲ್ಲಿ ಅಪಘಾತ, ಹೊಸ ಕಾರುಗಳಲ್ಲಿ ಇಲ್ಲ, ಪಾರ್ಟ್ ಒಂದೇ ನಂಬರಿನದು. ಹೀಗಾಗಿ ವರ್ಷಗಳ ಕಾಲ ಕಾರಣವೇ ಹೊಳೆಯಲಿಲ್ಲ. 2014ರಲ್ಲಿ 26 ಲಕ್ಷ ಕಾರು ವಾಪಸ್ ಕರೆದರು, 124 ಸಾವಿಗೆ ಪರಿಹಾರ ಕೊಟ್ಟರು. ನೀವು 12.9 ಬಿಟ್ಟು 8.8ಕ್ಕೆ ಹೋದರೆ, ಕೋಟಿಂಗ್ ಬದಲಿಸಿದರೆ, ನಂಬರ್ ಬದಲಿಸಿ.

ಈಗ ಆ ಅರವತ್ತು ಪುಟ. ಎಲ್ಲದಕ್ಕೂ ‘ಹೌದು’ ಅಂತ ಟಿಕ್ ಹಾಕುವ ಆಸೆ ಬರುತ್ತದೆ. ಬೋಲ್ಟ್ ಮುರಿದ ಮೇಲೆ ಅದನ್ನು ಯಾರೂ ನಂಬುವುದಿಲ್ಲ. ಇಲ್ಲದ್ದಕ್ಕೆ ‘ಇಲ್ಲ’ ಅಂತ ಬರೆದು ಪಕ್ಕದಲ್ಲಿ ಯಾವಾಗ ಮಾಡುತ್ತೀರಿ ಅಂತ ತಾರೀಖು ಹಾಕಿ. ಪ್ರಾಡಕ್ಟ್ ಸೇಫ್ಟಿಗೆ ಜವಾಬ್ದಾರರು ಯಾರು ಅನ್ನುವ ಜಾಗದಲ್ಲಿ ಆ ಹುಡುಗನ ಹೆಸರು ಬರೆಯಬೇಡಿ. ಟ್ರಕ್ ಗೇಟಿನಲ್ಲಿ ನಿಂತಾಗ ಮಾಲು ಹೋಗಬಾರದು ಅಂತ ಹೇಳುವ ಅಧಿಕಾರ ಇರುವವರ ಹೆಸರು ಬೇಕು, ಅಂದರೆ ನಿಮ್ಮದು.

ಒಪ್ಪಂದದ ಹಾಳೆಗಳನ್ನು ವಕೀಲರಿಗೆ ತೋರಿಸಿ. ಯುರೋಪಿನ ಹೊಸ ಪ್ರಾಡಕ್ಟ್ ಲಯಬಿಲಿಟಿ ನಿಯಮ 2026ರ ಡಿಸೆಂಬರ್ 9ರಿಂದ ಮಾರುಕಟ್ಟೆಗೆ ಬರುವ ಮಾಲಿಗೆ ಅನ್ವಯಿಸುತ್ತದೆ. ದೋಷ ಬಿಡಿಭಾಗದಲ್ಲಿದ್ದರೆ ಬಿಡಿಭಾಗ ಮಾಡಿದವರನ್ನೂ ಹೊಣೆ ಮಾಡಬಹುದು. ನಮ್ಮಲ್ಲೂ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕ ಅಂದರೆ ಭಾಗಗಳನ್ನು ಮಾಡುವವರೂ ಸೇರುತ್ತಾರೆ. ಇನ್ಶೂರೆನ್ಸ್ ಪಾಲಿಸಿ ಇದ್ದರೆ ಅದನ್ನೂ ಓದಿ. ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಸಾಮಾನ್ಯವಾಗಿ ಪೆಟ್ಟಾದವರ ಪರಿಹಾರಕ್ಕೆ ಮಾತ್ರ. ಮಾಲು ವಾಪಸ್ ಕರೆಯುವ ಖರ್ಚಿಗೆ ಬೇರೆ ಕವರ್ ಬೇಕು. ಹಳೆಯ ಬೋಲ್ಟ್ ಬಿಚ್ಚಿ ಹೊಸದು ಹಾಕಲು ಜರ್ಮನಿಯಲ್ಲಿ ಕೂಲಿ ಎಷ್ಟು ಅಂತ ಗಿರಾಕಿಯನ್ನೇ ಕೇಳಿ, ಆ ಅಂಕಿ ಹಿಡಿದುಕೊಂಡು ಏಜೆಂಟ್ ಹತ್ತಿರ ಮಾತಾಡಿ.